ಗೋಡೆಗೆ ಹೇಳಿದ ಮಾತು

ದೇವದುರ್ಗದಿಂದ ಮಾನ್ವಿಗೆ ನಮ್ಮ ಸಂಸಾರ ಬಂದದ್ದು ಶೇಂಗಾ ಚೀಲ ತುಂಬಿದ ಲಾರಿಯ ಹಿಂಭಾಗದಲ್ಲಿ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮವರಿಗೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತಿಕೆ. ವರ್ಗವಾದಲ್ಲಿಗೆ ಗಂಟುಮೂಟೆ ಕಟ್ಟಬೇಕು, ಮಾತಿಲ್ಲ. ದೇವದುರ್ಗದಲ್ಲಿ ಸಿಮೆಂಟು ನೆಲದ ಸರಕಾರಿ ಮನೆಯಿತ್ತು, ಗೋಡೆಗೆ ಹಳದಿ ಬಣ್ಣವಿತ್ತು. ಮಾನ್ವಿಯಲ್ಲಿ ಸಿಕ್ಕಿದ್ದು ಮುತ್ತಜ್ಜನ ಕಾಲದ ಮಾಳಿಗೆ ಮನೆ. ಗೋಡೆಯೆಲ್ಲ ಕಲ್ಲು ಮಣ್ಣು, ಮೇಲೆ ಮರದ ತೊಲೆ, ತೊಲೆಯ ಮೇಲೆ ಮತ್ತೆ ಮಣ್ಣು. ಬೇಸಿಗೆಯಲ್ಲಿ ತಂಪಾಗಿರುತ್ತದೆ ಎಂದು ನಮ್ಮವರು ಹುರುಪಿನಿಂದ ಹೇಳಿದರು. ಗೋರಿಯೂ ತಂಪಾಗಿಯೇ ಇರುತ್ತದೆ ಎಂದೆ. ಅವರು ಹಾಸಿಗೆಯ ಸುರುಳಿ ಹೊತ್ತುಕೊಂಡು ಒಳಗೆ ಹೋಗಿಬಿಟ್ಟರು.

ಒಂದು ಕಾಲಕ್ಕೆ ಅದು ಅಕ್ಕಿ ಗಿರಣಿಯವರ ದೊಡ್ಡ ಮನೆ. ಅಣ್ಣತಮ್ಮಂದಿರು ಪಾಲಾದಾಗ ನಡುವೆ ಗೋಡೆ ಎದ್ದು ಎರಡಾಯಿತಂತೆ. ಒಂದು ಪಾಲನ್ನು ಬಾಡಿಗೆಗೆ ಕೊಡುತ್ತಿದ್ದರು, ಅದರಲ್ಲಿ ನಾವು. ಇನ್ನೊಂದನ್ನು ಬಜಾರಿನಲ್ಲಿ ಬಳೆ ಅಂಗಡಿ ಇಟ್ಟಿದ್ದ ಮುಸಲ್ಮಾನರು ಎಂದೋ ಕೊಂಡಿದ್ದರು. ಗಂಡ, ಹೆಂಡತಿ, ಮೀಸೆ ಬಂದ ನಾಲ್ವರು ಗಂಡುಮಕ್ಕಳು. ಅವರ ಅಡುಗೆಮನೆಗೂ ನಮ್ಮ ಅಡುಗೆಮನೆಗೂ ನಡುವೆ ಒಂದೇ ಗೋಡೆ.

ಬಂದ ದಿನವೇ ಬೋರಿಂಗ್ ಕೆಟ್ಟಿತ್ತು. ಲಾರಿಯ ಧೂಳಿನಲ್ಲಿ ಮಿಂದ ಮಕ್ಕಳ ಮುಖ ತೊಳೆಯಲೂ ನೀರಿಲ್ಲ. ನೋಡಿದರೆ ಹೊಸ್ತಿಲ ಹೊರಗೆ ಎರಡು ಕೊಡ ನೀರು, ಮೇಲೆ ಬಿಳಿ ಬಟ್ಟೆ ಮುಚ್ಚಿಟ್ಟಿತ್ತು. ಪಕ್ಕದ ಮನೆಯ ಹೆಂಗಸು ಇಟ್ಟು, ಕರೆಯದೆ, ಹಾಗೇ ಹೋಗಿದ್ದರು. ನಾನು ಆ ನೀರಿನಿಂದ ನೆಲ ತೊಳೆದೆ. ಕುಡಿಯಲು ದೊಡ್ಡ ಮಗಳನ್ನು ಆಚೆ ಓಣಿಯ ಬಾವಿಗೆ ಅಟ್ಟಿದೆ. ಯಾರಿಗೂ ತಿಳಿಯಲಿಲ್ಲ ಎಂದುಕೊಂಡಿದ್ದೆ. ಆದರೆ ನಮ್ಮ ಮೋರಿ ಹರಿಯುತ್ತಿದ್ದದ್ದು ಅವರ ಬಾಗಿಲ ಮುಂದೆ. ತಾವು ಹೊತ್ತು ತಂದ ನೀರು ಕೆಂಪಾಗಿ ಹರಿದು ಹೋಗುವುದನ್ನು ಅವರು ಕಟ್ಟೆಯ ಮೇಲೆ ಕೂತು ನೋಡಿರಬೇಕು. ಸಂಜೆ ಖಾಲಿ ಕೊಡ ಒಯ್ಯಲು ಬಂದಾಗ ನೀರು ಸಾಕಾಯಿತೇ ಎಂದು ಕೇಳಿದರು. ಸಾಕಾಯಿತು ಎಂದೆ. ಇಂದು ಅವರನ್ನು 'ಅವರು' ಎಂದು ಬರೆಯುತ್ತಿದ್ದೇನೆ. ಆಗ ನನ್ನ ಬಾಯಲ್ಲಿ ಅವರು ಬರೀ 'ಆಕಿ'. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು.

ಮನೆ ನನ್ನ ಸಿಟ್ಟನ್ನು ದಿನವೂ ಹೆಚ್ಚಿಸಿತು. ರೊಟ್ಟಿ ಬಡಿಯುವಾಗ ಹಿಟ್ಟಿನ ಮೇಲೆ ಮಾಳಿಗೆಯ ಮಣ್ಣು ಉದುರುತ್ತಿತ್ತು. ಟ್ರಂಕಿನ ಹಿಂದೆ ಚೇಳು ಸಿಕ್ಕಿತು. ಚಿಕ್ಕ ಮಗಳು ಗೋಡೆಯ ಸುಣ್ಣ ಕೆರೆದು ತಿನ್ನುವುದು ಕಲಿತಳು. ರಾಯಚೂರಿನಿಂದ ನನ್ನ ತಂಗಿ ಬಂದಾಗ, ಕೂತ ಜಾಗದಿಂದ ಎದ್ದು ಸೀರೆ ಕೊಡವಿಕೊಂಡಳು. ಬೇಕೆಂದು ಮಾಡಿದ್ದಲ್ಲ, ಆದರೂ ಅವಳು ಹೋಗುವವರೆಗೂ ನನಗೆ ಮುಖ ಎತ್ತಲಾಗಲಿಲ್ಲ.

ಅಡುಗೆಮನೆಯ ಆ ಗೋಡೆಯಲ್ಲಿ ಒಂದು ಗೂಡಿತ್ತು. ಮೊಳಕೈ ಹಿಡಿಸುವಷ್ಟು ಆಳ, ಹಿಂಬದಿಗೆ ಮರದ ಹಲಗೆ, ಒಳಗೆಲ್ಲ ಕಪ್ಪು ಮಸಿ. ಮಸಿ ಕಂಡು ನನಗೆ ಖುಷಿಯಾಯಿತು. ಹಿಂದಿನವರು ಇಲ್ಲಿ ದೀಪ ಹಚ್ಚುತ್ತಿದ್ದರು, ಇದು ದೇವರ ಗೂಡೇ ಸೈ ಎಂದು ತೀರ್ಮಾನಿಸಿದೆ. ಹುಣಸೆಹುಳಿ ಹಚ್ಚಿ ತಿಕ್ಕಿ, ಸುಣ್ಣ ಬಳಿದು, ತವರಿನಿಂದ ತಂದ ಲಿಂಗ, ವಿಭೂತಿ ಕರಡಿಗೆ, ನಂದಿಯ ಮೂರ್ತಿ ಇಟ್ಟೆ. ಹಲಗೆಗೆ ಒರಗಿಸಿ ಶಿವಪಾರ್ವತಿಯರ ಫೋಟೋ ನಿಲ್ಲಿಸಿದೆ. ಆ ಮನೆಯಲ್ಲಿ ನನ್ನದು ಎನ್ನಿಸಿದ್ದು ಆ ಗೂಡೊಂದೇ.

ನನ್ನ ಪೂಜೆಯ ರೀತಿ ಹೇಳಬೇಕು. ನನ್ನ ತವರು ಮಸರಕಲ್ಲು. ನನ್ನ ಅವ್ವ ಎಮ್ಮೆ ಹಿಂಡುವಾಗ ಎಮ್ಮೆಯ ಜೊತೆಗೂ ಪೂಜೆ ಮಾಡುವಾಗ ಶಿವನ ಜೊತೆಗೂ ಒಂದೇ ದನಿಯಲ್ಲಿ ಜಗಳ ಮಾಡುತ್ತಿದ್ದಳು. ನನಗೂ ಮಂತ್ರ ಬಾರದು, ಮಾತು ಬರುತ್ತದೆ. ಬೆಳಿಗ್ಗೆ ಮಿಂದು ಗೂಡಿನ ಮುಂದೆ ಕೂತರೆ ಒಳಗಿದ್ದದ್ದೆಲ್ಲ ಹೊರಗೆ. ಗಂಡ ಹೀಗಂದರು, ಅತ್ತೆ ಹಾಗಂದರು, ಅಕ್ಕಿಯಲ್ಲಿ ಕಲ್ಲು, ಕೂಸಿಗೆ ಕೆಮ್ಮು, ನಿನಗೆ ಕಣ್ಣಿಲ್ಲವೇ ಎಂದು ಶಿವನನ್ನು ತರಾಟೆಗೆ ತೆಗೆದುಕೊಳ್ಳುವುದು. ನಮ್ಮವರು ಆ ಹೊತ್ತಿಗೆ ಹಿತ್ತಲಿಗೆ ಹೋಗಿ ಬೀಡಿ ಸೇದುತ್ತಿದ್ದರು. ಚಿಕ್ಕವಳು ಮಾತ್ರ ಪಕ್ಕದಲ್ಲಿ ಕೂತು ನನ್ನ ಬಾಯನ್ನೇ ನೋಡುತ್ತಿದ್ದಳು.

ಶಿವನ ಜೊತೆಗಿನ ಜಗಳದಲ್ಲಿ ಮುಕ್ಕಾಲು ಪಾಲು ಆ ಚಿಕ್ಕವಳದೇ. ಮೂರು ತುಂಬಿ ನಾಲ್ಕಕ್ಕೆ ಬಿದ್ದಿದ್ದಳು, ಮಾತು ಬಂದಿರಲಿಲ್ಲ. ನಗುತ್ತಿದ್ದಳು, ಅಳುತ್ತಿದ್ದಳು, ಬೇಕಾದ್ದನ್ನು ಬೆರಳಿಟ್ಟು ತೋರುತ್ತಿದ್ದಳು. ಬಾಯಿಂದ ಒಂದು ಅಕ್ಷರ ಹೊರಡದು. ಎರಡನೆಯ ಇಯತ್ತೆಯಲ್ಲಿದ್ದ ದೊಡ್ಡವಳು ಬಾಯಿಬಡುಕಿ. ತಂಗಿಯ ಪಾಲಿನದನ್ನೂ ಇವಳೇ ಖರ್ಚು ಮಾಡುತ್ತಿದ್ದಾಳೆ ಎಂದು ನೋಡಿದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಒಳಗೆ ಸಾಯುತ್ತಿದ್ದೆ.

ಹೆತ್ತ ಮಗಳ ಬಗ್ಗೆ ನಾಚಿಕೆಪಡುವುದು ಎಂಥ ನಾಚಿಕೆಗೇಡು ಎಂದು ಆಗ ನನಗೆ ಹೊಳೆದಿರಲಿಲ್ಲ. ರಾಯಚೂರಿನ ಮದುವೆಯೊಂದರಲ್ಲಿ ಹೆಂಗಸರು ಅವಳನ್ನು ಎತ್ತಿ ಆಡಿಸಿ ಮಾತಾಡಿಸಿದರೆ, ಗಂಟಲು ನೋವೆಂದೆ. ಇನ್ನೊಂದೆಡೆ ಈಗಷ್ಟೇ ನಿದ್ದೆಯಿಂದ ಎದ್ದಿದ್ದಾಳೆ ಎಂದೆ. ವಾಪಸು ಬರುವಾಗ ಗಿಲ್ಲೆಸುಗೂರಿನ ಕಡೆಯ ಅಜ್ಜನೊಬ್ಬ ಬಸ್ಸಿನಲ್ಲಿ ಅವಳ ಗಲ್ಲ ಹಿಡಿದು ಹೆಸರು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ದೊಡ್ಡವಳು, ಆಕಿಗಿ ಮಾತ ಬರಂಗಿಲ್ಲ ಎಂದು ಬಸ್ಸಿಗೆಲ್ಲ ಕೇಳುವಂತೆ ಸಾರಿದಳು. ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು. ನಾನು ದೊಡ್ಡವಳ ತೊಡೆ ಚಿವುಟಿದೆ. ಅವಳು ಅತ್ತಳು. ಚಿಕ್ಕವಳು ಅಕ್ಕನ ಕಣ್ಣು ಒರೆಸಿದಳು. ಮಾನ್ವಿ ಬರುವವರೆಗೂ ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ.

ಆ ಮದುವೆಗೆ ಹೋದಾಗಲೇ ಅವಳನ್ನು ರಾಯಚೂರಿನ ಡಾಕ್ಟರೊಬ್ಬರಿಗೆ ತೋರಿಸಿದ್ದೆವು. ಅವರು ಅವಳ ಬೆನ್ನ ಹಿಂದೆ ಸ್ಟೀಲಿನ ತಟ್ಟೆ ಬಡಿದರು, ಅವಳು ತಿರುಗಿದಳು. ಕಿವಿ ಚೆನ್ನಾಗಿವೆ, ಗಂಟಲೂ ಚೆನ್ನಾಗಿದೆ, ಮನೆಯಲ್ಲಿ ಕೂಸಿನ ಜೊತೆ ಬಾಯ್ತುಂಬ ಮಾತಾಡಿ ಎಂದರು. ಇಷ್ಟು ಹೇಳಲು ಡಾಕ್ಟರು ಯಾಕೆ ಎಂದು ನನಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಆ ಮಾತಿನ ನಿಜ ನನಗೆ ತಾಗಿದ್ದಕ್ಕೆ. ನಾನು ಅವಳೊಡನೆ ಮಾತಾಡುವುದನ್ನು ಎಂದೋ ಬಿಟ್ಟಿದ್ದೆ. ಉತ್ತರ ಬಾರದ ಕಡೆ ಎಷ್ಟೆಂದು ಕೂಗುವುದು? ಎತ್ತಿ ಕೂಡಿಸುವುದು, ಉಣಿಸುವುದು, ತಲೆ ಬಾಚುವುದು, ಎಲ್ಲ ಸದ್ದಿಲ್ಲದೆ ನಡೆಯುತ್ತಿತ್ತು. ದಿನದಲ್ಲಿ ಅವಳ ಎದುರು ನಾನು ಬಾಯ್ತುಂಬ ಮಾತಾಡುತ್ತಿದ್ದದ್ದು ಗೂಡಿನ ಮುಂದೆ ಮಾತ್ರ. ಡಾಕ್ಟರು ಹೇಳಿದ್ದನ್ನೂ ಮರುದಿನ ಶಿವನಿಗೇ ದೂರು ಹೇಳಿದೆ.

ದಸರೆಗೆ ಅತ್ತೆ ದೇವದುರ್ಗದಿಂದ ಬಂದರು. ಕೆಟ್ಟವರಲ್ಲ, ಕಡ್ಡಿ ಮುರಿದಂತೆ ಮಾತು. ಮೊಮ್ಮಗಳನ್ನು ಮುಂದೆ ಕೂಡಿಸಿಕೊಂಡು ಇಡೀ ದಿನ ನೋಡಿದರು. ಹೋಗುವ ದಿನ, ಮಗನೂ ಕೇಳಲೆಂದೇ ಹೇಳಿದರು:

"ಯುಗಾದಿತನಕ ನೋಡ್ತೀನಿ. ಮಾತು ಬರ್ಲಿಲ್ಲಂದ್ರ ಕೂಸಿನ್ನ ನನ್ನ ತಾಕ ಬಿಡು. ನಾಕು ಮಂದ್ಯಾಗ ತಿರುಗಿಸಿ ನಗಪಾಟಲ ಮಾಡಬ್ಯಾಡ. ನೀ ಇನ್ನೊಂದು ಹಡಿ."

ನಮ್ಮವರು ಚಪ್ಪಲಿಯ ಉಂಗುಟ ಸರಿಮಾಡಿಕೊಳ್ಳುತ್ತ ಬಗ್ಗಿದವರು ಏಳಲೇ ಇಲ್ಲ. ತಾಯಿಗೆ ಎದುರಾಡುವ ಮನುಷ್ಯರಲ್ಲ. ನನ್ನ ಕೂಸನ್ನು ಒಯ್ದು ದೇವದುರ್ಗದ ಹಿತ್ತಲಲ್ಲಿ ಮುಚ್ಚಿಡುತ್ತಾರೆ. ಅಷ್ಟೇ ಆಗಿದ್ದರೆ ಬರೀ ದುಃಖ ಎನ್ನಬಹುದಿತ್ತು. ನಾನೂ ಅವಳನ್ನು ಮದುವೆಯಲ್ಲಿ, ಬಸ್ಸಿನಲ್ಲಿ ಮುಚ್ಚಿಡುತ್ತಲೇ ಇದ್ದೆ. ಅತ್ತೆ ಅದಕ್ಕೊಂದು ಜಾಗ ತೋರಿಸಿದರು, ಬೇರೇನಲ್ಲ. ಇದು ಗೊತ್ತಿದ್ದೇ ನನಗೆ ಅತ್ತೆಯ ಎದುರು ದನಿ ಏಳಲಿಲ್ಲ.

ಅತ್ತೆಯ ಮೇಲೆ ಹರಿಹಾಯಲಾಗದ್ದು ಗೋಡೆಯಾಚೆಗೆ ಹರಿಯಿತು. ಶುಕ್ರವಾರ ಬಂತೆಂದರೆ ಆ ಕಡೆಯಿಂದ ಮಸಾಲೆ, ಮಾಂಸದ ವಾಸನೆ ಗೂಡಿನ ಸಂದಿನಿಂದ ನುಗ್ಗುತ್ತಿತ್ತು. ನನ್ನ ಊದಿನಕಡ್ಡಿ ಅದಕ್ಕೆ ಎಲ್ಲಿ ಸಾಲಬೇಕು? ನೀನು ಕೂತ ಕಡೆಯೇ ಇದು ನಡೆದರೆ ನನ್ನ ಕೂಸಿನ ಬಾಯಿ ಹೇಗೆ ಬಿಟ್ಟೀತು ಎಂದು ಶಿವನನ್ನು ಕೇಳಿದೆ. ಆಕೆಯ ಮನೆಯ ಒಲೆ ಆರಿಸು ಎಂದೆ. ಒಂದು ದಿನವಲ್ಲ, ದಿನವೂ ಎಂದೆ.

ಕೆಲವು ವಾರದಲ್ಲಿ ವಾಸನೆ ನಿಂತೇ ಹೋಯಿತು. ಶುಕ್ರವಾರವೂ ಇಲ್ಲ, ಹಬ್ಬಕ್ಕೂ ಇಲ್ಲ. ಶಿವ ಕಿವುಡನಲ್ಲ ಎಂದು ತೆಂಗಿನಕಾಯಿ ಒಡೆದೆ, ನಮ್ಮವರ ಕೈಗೂ ಕೊಬ್ಬರಿ ಕೊಟ್ಟೆ. ಏನು ವಿಶೇಷ ಎಂದರು. ನಿಮಗೆ ತಿಳಿಯುವುದಿಲ್ಲ ಎಂದೆ.

ಅದೇ ಹೊತ್ತಿಗೆ ಆ ಹೆಂಗಸಿನ ಕಣ್ಣು ಕೆಂಪಾಗತೊಡಗಿದವು. ಹಿತ್ತಲ ಮೋಟುಗೋಡೆಯ ಮೇಲಿಂದ ಚಿಕ್ಕವಳನ್ನು ನೋಡಿ ನಗುವಾಗ ಅವು ಕೆಂಡದ ಹಾಗೆ ಕಾಣುತ್ತಿದ್ದವು, ನೀರು ಸುರಿಯುತ್ತಿತ್ತು. ನಾಲ್ವರು ಗಂಡುಮಕ್ಕಳ ತಾಯಿ, ಹೆಣ್ಣು ಕೂಸಿನ ಆಸೆ, ದಿನವೂ ನೋಡುತ್ತಾಳೆ. ನನಗೆ ಥಟ್ಟನೆ ಹೊಳೆಯಿತು, ದೃಷ್ಟಿ ಇದೇ! ಮನೆ ಬದಲಾದ ಮೇಲೂ ಮಾತು ಬಾರದಿದ್ದದ್ದು ಇದಕ್ಕೇ. ಬರುವ ಮೊದಲೂ ಬಂದಿರಲಿಲ್ಲ ಎಂಬುದು ಆಗ ಲೆಕ್ಕಕ್ಕೇ ಬರಲಿಲ್ಲ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ವಾಸನೆಯ ಮಾತು ಕೇಳಿದ ಶಿವ ಇದನ್ನೂ ಕೇಳುತ್ತಾನೆಂಬ ಧೈರ್ಯದಲ್ಲಿ ಅವರ ಕಣ್ಣಿಗೆ ದಿನವೂ ಬೆಳಿಗ್ಗೆ ಶಾಪ ಹಾಕತೊಡಗಿದೆ. ಮೆಲ್ಲಗೇನಲ್ಲ. ನಮ್ಮ ಮನೆತನದಲ್ಲಿ ಮೆಲ್ಲಗೆ ಮಾತಾಡುವವರು ಹುಟ್ಟಿಲ್ಲ.

ಈ ನಡುವೆ ಚಿಕ್ಕವಳು ಗೂಡಿನ ಮುಂದೆ ಒಬ್ಬಳೇ ಕೂರುವುದು ಹೆಚ್ಚಾಯಿತು. ನಾನು ನೀರಿಗೆ ಹೋಗಿ ಬರುವಷ್ಟರಲ್ಲಿ ಅಲ್ಲಿ ಚಕ್ಕಳಮಕ್ಕಳ ಹಾಕಿ, ಫೋಟೋದ ಕಡೆ ಕಿವಿ ಕೊಟ್ಟು ಕೂತಿರುತ್ತಿದ್ದಳು. ಕೂಸಿಗೆ ಭಕ್ತಿ ಬಂದಿದೆ ಎಂದು ನಮ್ಮವರಿಗೆ ಹೇಳಿಕೊಂಡೆ.

ಯುಗಾದಿಗೆ ಇನ್ನು ತಿಂಗಳಿರಬಹುದು. ಬಿಸಿಲು ಏರಿತ್ತು, ಬೋರಿಂಗಿನ ಹತ್ತಿರ ಪಾಳಿ ಉದ್ದವಿತ್ತು. ನಮ್ಮವರು ಕಚೇರಿಗೆ, ದೊಡ್ಡವಳು ಶಾಲೆಗೆ ಹೋಗಿದ್ದರು. ಚಿಕ್ಕವಳನ್ನು ಒಳಗೆ ಬಿಟ್ಟು ಬಾಗಿಲಿಗೆ ಚಿಲಕ ಹಾಕಿ ಹೋಗಿದ್ದೆ. ಕೊಡ ಹೊತ್ತು ಬಂದರೆ ಬಾಗಿಲು ಹಾಕಿದಂತೆಯೇ ಇದೆ, ಒಳಗೆ ಕೂಸಿಲ್ಲ. ಹಿತ್ತಲಿಗೆ ಓಡಿದೆ. ಮೋಟುಗೋಡೆಗೆ ಒಗೆಯುವ ಕಲ್ಲು ತಾಗಿಕೊಂಡಿತ್ತು, ಕಲ್ಲಿನ ಮೇಲೆ ಅವಳ ಲಂಗದ ಚೂರು. ಗೋಡೆ ಹತ್ತಿ ಆ ಕಡೆ ಇಳಿದಿದ್ದಾಳೆ!

ಸುತ್ತು ಹಾಕಿ ಅವರ ಬಾಗಿಲಿಗೆ ಹೋದೆ. ಗೋಣಿಯ ಪರದೆ ಇಳಿಬಿದ್ದಿತ್ತು. ಕೂಗಬೇಕೆಂದರೆ ಏನೆಂದು ಕೂಗಲಿ? ಆ ಹೆಂಗಸನ್ನು ನಾನು ಯಾವ ಹೆಸರಿನಿಂದಲೂ ಕರೆದವಳಲ್ಲ. ಅಷ್ಟರಲ್ಲಿ ಒಳಗೆ ಒಂದು ಮಗುವಿನ ದನಿ ಕೇಳಿತು. ತೆಳ್ಳಗಿನ, ಸ್ವಲ್ಪ ಒಡಕು ದನಿ. ಅವರ ಮನೆಗೆ ನೆಂಟರ ಮಕ್ಕಳು ಬಂದಿರಬೇಕು ಅಂದುಕೊಂಡು ಪರದೆ ಸರಿಸಿದೆ.

ಅಂಗಳದಲ್ಲಿ ಆ ಹೆಂಗಸು ಕಾಲು ಚಾಚಿ ಕೂತಿದ್ದರು, ನನ್ನ ಮಗಳು ಅವರ ತೊಡೆಯ ಮೇಲೆ. ಕೈಯಲ್ಲಿ ಬೆಲ್ಲ ಸವರಿದ ರೊಟ್ಟಿಯ ಚೂರು. ಮಗಳು ನನ್ನನ್ನು ನೋಡಲಿಲ್ಲ. ಅವರ ಮುಖವನ್ನೇ ನೋಡುತ್ತ, ಎರಡೂ ಕೈ ಜೋಡಿಸಿ, ನಾನು ಬಿಡುವ ನಿಟ್ಟುಸಿರನ್ನೇ ಬಿಟ್ಟು ಹೇಳಿದಳು:

"ಶಿವಾ, ಆಕಿ ಕಣ್ಣು ಸುಟ್ಟು ಹೋಗ್ಲಿ."

ಅಕ್ಷರ ತಪ್ಪಲಿಲ್ಲ. ರಾಗವೂ ನನ್ನದೇ. ಕೊನೆಗೆ ನಾನು ಹಣೆಗೆ ಬೆರಳು ಒತ್ತಿ ನೆಟಿಗೆ ಮುರಿಯುತ್ತೇನಲ್ಲ, ಅದನ್ನೂ ಮಾಡಿದಳು. ಆ ಪುಟ್ಟ ಬೆರಳುಗಳಿಂದ ಸದ್ದು ಬರಲಿಲ್ಲ.

ನಾಲ್ಕು ವರ್ಷ ಕಾದ ದನಿ ಅದು. ಅದನ್ನು ಕೇಳಲು ನಾನು ಯಾವ ಹರಕೆ ಹೊತ್ತಿರಲಿಲ್ಲ? ಕೇಳಿದ ಗಳಿಗೆಯಲ್ಲಿ ಅದು ನಿಂತುಹೋಗಲಿ ಎಂದು ಬೇಡಿದೆ. ಇದು ಸುಳ್ಳಲ್ಲ. ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಅವರು ನನ್ನ ಕಡೆ ತಿರುಗಿದರು. ಕೆಂಪು ಕಣ್ಣು ಪೂರ್ತಿ ತುಂಬಿದ್ದವು. ಈಗ ಬೈಯುತ್ತಾರೆ, ಬೈಯಲಿ, ಅದೇ ಒಳ್ಳೆಯದು ಎಂದು ನಿಂತೆ.

"ಕೇಳ್ದ್ಯಾ ಯವ್ವಾ? ಕೂಸಿಗಿ ಮಾತು ಬಂತು."

ಅಷ್ಟೇ. ಮತ್ತೆ ಮಗಳ ಗಲ್ಲ ಹಿಡಿದು, ಇನ್ನೊಮ್ಮೆ ಅನ್ನು ಬೇಟೀ, ನಿಮ್ಮವ್ವ ಕೇಳಲಿ ಎಂದು ಮುದ್ದುಗರೆದರು. ಅವಳು ಇನ್ನೊಮ್ಮೆ ಅಂದಳು. ಅವರು ನಕ್ಕರು, ಅತ್ತರು, ರೊಟ್ಟಿ ಮುರಿದು ಬಾಯಿಗಿಟ್ಟರು. ಹುರುಪೇರಿ ಅವಳು ಮತ್ತೊಮ್ಮೆ ಅಂದಳು, ಈ ಸಲ ಜೊತೆಗೆ ಒಲೆಯ ಮಾತೂ ಸೇರಿಸಿ. ತಮ್ಮ ಕಣ್ಣಿಗೆ ಬಿದ್ದ ಶಾಪವನ್ನು ನನ್ನ ಮಗಳ ಬಾಯಿಂದ ಅವರೇ ಕೇಳಿ ಕೇಳಿ ಹೇಳಿಸುತ್ತಿದ್ದರು. ನಾನು ಪರದೆ ಹಿಡಿದುಕೊಂಡು ನಿಂತಿದ್ದೆ. ಓಡಿಹೋಗಿ ಆ ಬಾಯಿ ಮುಚ್ಚಬೇಕೆನಿಸಿತು. ಮಾತು ಬಂದ ಬಾಯಿಯನ್ನು ಯಾವ ತಾಯಿ ಮುಚ್ಚುತ್ತಾಳೆ?

ಕೂಸಿಗೆ ಅಂಗಳದಲ್ಲಿ ಬಿಸಿಲು ಬಡಿಯುತ್ತದೆ, ಒಳಗೆ ಬರ್ರಿ ಎಂದು ಅವರು ಎದ್ದರು. ಹಿಂದೆ ಹೋದೆ. ಅವರ ಅಡುಗೆಮನೆಯ ಒಲೆ ನಮ್ಮ ಗೋಡೆಗೆ ತಾಗಿಯೇ ಇತ್ತು. ಬೂದಿ ತೆಗೆದು, ಮಣ್ಣು ಸಾರಿಸಿ, ತಣ್ಣಗೆ ಬಿಟ್ಟಿದ್ದರು. ಬೆಂಕಿ ಕಾಣಿಸಿದ್ದು ಅದರ ಹಿಂದಿನ ಕಟ್ಟಿಗೆ ಕೋಣೆಯಲ್ಲಿ. ಕಿಟಕಿ ಇಲ್ಲ, ಬೆಳಕಿಂಡಿ ಇಲ್ಲ. ಮೂರು ಕಲ್ಲಿನ ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು. ಹತ್ತಿಕಟ್ಟಿಗೆಯ ಹೊಗೆ ಹೋಗಲು ದಾರಿಯಿಲ್ಲದೆ ಅಲ್ಲೇ ಸುತ್ತುತ್ತಿತ್ತು. ಬಾಗಿಲಲ್ಲಿ ನಿಂತ ನನ್ನ ಕಣ್ಣು ಉರಿದು ನೀರು ಬಂತು. ಆಗ ತಿಳಿಯಿತು ಅವರ ಕಣ್ಣು ಯಾಕೆ ಕೆಂಪು ಎಂದು.

ಯಾಕೆ ಇಲ್ಲಿ ಎಂದು ಕೇಳುವ ಅಗತ್ಯವಿರಲಿಲ್ಲ, ಆದರೂ ಕೇಳಿದೆ. ಅವರು ಹಳೆಯ ಒಲೆಯ ಮೇಲಿನ ಪುಟ್ಟ ಹಲಗೆ ಬಾಗಿಲು ತೋರಿಸಿದರು.

"ಅಲ್ಲಿ ದೇವ್ರು ಕುಂತಾನಲ್ರೀ. ವಾಸನಿ ಬಡೀಬಾರದು."

ಉಳಿದದ್ದನ್ನು ಕೂಸಿಗೆ ನೀರು ಕುಡಿಸುತ್ತ ಹೇಳಿದರು. ಅದು ದೇವರ ಗೂಡಲ್ಲವಂತೆ. ಮನೆ ಪಾಲಾದಾಗ ಗಂಡಸರ ಜಗಳಕ್ಕೆ ಗೋಡೆ ಎದ್ದರೂ ಓರಗಿತ್ತಿಯರು ಹಟ ಹಿಡಿದು ಅಷ್ಟು ಕಿಂಡಿ ಬಿಡಿಸಿಕೊಂಡಿದ್ದರಂತೆ. ಒಂದು ಮನೆಯ ಒಲೆ ಆರಿದರೆ ಇನ್ನೊಂದು ಮನೆಯಿಂದ ಕೆಂಡ, ಮೊಸರಿಗೆ ಹೆಪ್ಪು, ಒಂದು ಹಿಡಿ ಉಪ್ಪು, ಎಲ್ಲ ಅದರಲ್ಲೇ ದಾಟುತ್ತಿತ್ತು. ಓರಗಿತ್ತಿಯರು ಹೋಗಿ ಇವರು ಬಂದ ಮೇಲೂ, ನಮಗಿಂತ ಹಿಂದಿನ ಬಾಡಿಗೆಯವರವರೆಗೂ ಅದು ನಡೆದಿತ್ತು. ನಾನು ದೀಪದ ಮಸಿ ಎಂದುಕೊಂಡದ್ದು ಕೆಂಡದ ಮಸಿ. ನಾವು ಬಂದ ಮರುದಿನ ಕೆಂಡ ಬೇಕೇನೋ ಎಂದು ಇವರು ಹಲಗೆ ತೆಗೆದರೆ ಶಿವನ ಫೋಟೋದ ಬೆನ್ನು ಕಂಡಿತಂತೆ. ಸದ್ದು ಮಾಡದೆ ಮುಚ್ಚಿಬಿಟ್ಟರು. ಮುಚ್ಚಿದ ಹಲಗೆಯಿಂದ ಕೈ ದಾಟುವುದಿಲ್ಲ, ದನಿ ದಾಟುತ್ತದೆ. ಡಾಕ್ಟರು ಹೇಳಿದ್ದೂ ಹಾಗೆಯೇ ದಾಟಿತ್ತು. ಅಂದಿನಿಂದ ನಾನು ನೀರಿಗೆ ಹೋದಾಗೆಲ್ಲ ಹಲಗೆಯ ತಮ್ಮ ಕಡೆ ಕೂತು ಕೂಸಿನ ಜೊತೆ ಬಾಯಿಗೆ ಬಂದದ್ದು ಮಾತಾಡುತ್ತಿದ್ದರಂತೆ, ಅವರ ಭಾಷೆಯಲ್ಲಿ ಅಷ್ಟು, ನಮ್ಮ ಭಾಷೆಯಲ್ಲಿ ಇಷ್ಟು. ಅವಳು ಹಲಗೆ ಬಡಿದು ಉತ್ತರ ಕೊಡುತ್ತಿದ್ದಳಂತೆ. ಇದನ್ನೇ ನಾನು ಭಕ್ತಿ ಎಂದಿದ್ದೆ.

ನನ್ನ ಬೈಗುಳದ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಎತ್ತದೆ ಇರುವಾಗ, ಕೇಳಿಸಿಕೊಂಡಿದ್ದಾರೆ ಎಂಬುದು ಇನ್ನಷ್ಟು ಗಟ್ಟಿಯಾಯಿತು. ಮಗಳನ್ನು ಎತ್ತಿಕೊಂಡು ಮನೆಗೆ ಬಂದೆ. ತಪ್ಪಾಯಿತು ಎನ್ನಬೇಕಿತ್ತು. ಬಾಯಿ ನನ್ನದೂ ಬಿದ್ದುಹೋಗಿತ್ತು.

ಸಂಜೆ ನಮ್ಮವರು ಬಂದರು. ಮಾತು ಬಂದಿದೆ ಎಂದೆ. ಟೋಪಿ ಕೂಡ ತೆಗೆಯದೆ ಮಗಳನ್ನು ಎತ್ತಿ, ಅನ್ನವ್ವಾ, ಏನಾರ ಅನ್ನು ಎಂದು ಗಾಳಿಯಲ್ಲಿ ತೂರಿದರು. ಅವಳಿಗೆ ಬರುತ್ತಿದ್ದದ್ದು ಒಂದೇ. ಅದನ್ನೇ ಅಂದಳು. ನಮ್ಮವರು ಅವಳನ್ನು ಮೆಲ್ಲಗೆ ಕೆಳಗಿಳಿಸಿದರು. ಯಾರ ಮಾತು ಎಂದು ಕೇಳಲಿಲ್ಲ. ಆ ಮನೆಯಲ್ಲಿ ಹಾಗೆ ಮಾತಾಡುವವಳು ಒಬ್ಬಳೇ. ನನ್ನನ್ನೊಮ್ಮೆ ನೋಡಿ ಹಿತ್ತಲಿಗೆ ಹೋದರು. ಅಂದು ನನ್ನನ್ನು ನೋಡಿದ ಹಾಗೆ ಅವರು ಹಿಂದೆ ಎಂದೂ ನೋಡಿರಲಿಲ್ಲ.

ಮರುದಿನ ಶಿವನನ್ನು ಎದುರು ಗೋಡೆಗೆ ಸಾಗಿಸಿದೆ. ಪೂಜೆಗೆ ಕೂತರೆ ಬಾಯಿ ಏಳಲೊಲ್ಲದು. ಎರಡು ಹೂವಿಟ್ಟು ಎದ್ದೆ. ಖಾಲಿ ಗೂಡಿನ ಹಲಗೆಯನ್ನು ತಟ್ಟಲು ಅದೆಷ್ಟು ಸಲ ಕೈ ಎತ್ತಿ ಇಳಿಸಿದೆನೋ. ಕೊನೆಗೆ ತಟ್ಟಿದೆ. ಹಲಗೆ ತೆರೆಯಿತು. ಕ್ಷಮೆ ಕೇಳಲೆಂದು ಕೂಡಿಸಿಟ್ಟುಕೊಂಡಿದ್ದ ಮಾತೆಲ್ಲ ಅವರ ಕಣ್ಣು ಕಂಡೊಡನೆ ಹಾರಿಹೋಯಿತು. ಅವರ ಭಾಷೆಯಲ್ಲಿ ಅಕ್ಕನನ್ನು ಕರೆಯುವ ಹಾಗೆ, ಆಪಾ, ಮೊಸರಿಗೆ ಹೆಪ್ಪು ಬೇಕಿತ್ತು ಎಂದೆ. ಆ ಮನೆಯ ನೀರನ್ನೂ ನೆಲಕ್ಕೆ ಚೆಲ್ಲಿದವಳು ನಾನು. ಅವರು ಬಟ್ಟಲು ತುಂಬ ಮೊಸರು ಕೊಟ್ಟರು. ಒಲೆಯನ್ನು ಮೊದಲಿನ ಜಾಗಕ್ಕೆ ತನ್ನಿ ಎಂದು ಬೇಡಿಕೊಂಡೆ. ನೋಡೋಣ ಎಂದರು. ತರಲು ಹಲವು ದಿನ ಹಿಡಿಯಿತು. ತಂದ ಮೇಲೂ ಶುಕ್ರವಾರದ ಅಡುಗೆ ಮಾತ್ರ ಆ ಹೊಗೆ ಕೋಣೆಯಲ್ಲೇ ಮಾಡುತ್ತಿದ್ದರು. ಎಷ್ಟು ಹೇಳಿದರೂ ಬಿಡಲಿಲ್ಲ.

ಒಮ್ಮೆ ದಾರಿ ಸಿಕ್ಕಿದ್ದೇ ಮಗಳ ಮಾತು ಹರಿಯತೊಡಗಿತು. ಅವ್ವ, ಅಪ್ಪ, ನೀರು, ಪಾನಿ, ರೊಟ್ಟಿ, ಆಪಾರಿಗೆ ಚಿಕ್ಕಮ್ಮ ಎನ್ನುವಂತೆ ಖಾಲಾ. ಎರಡು ಭಾಷೆಯನ್ನೂ ಒಂದೇ ತಟ್ಟೆಯಲ್ಲಿ ಕಲಸಿಕೊಂಡಳು. ಎಲ್ಲ ತಾಯಂದಿರೂ ಹಿಗ್ಗುವ ದಿನಗಳವು. ನಾನು ಮಾತ್ರ ಅವಳು ಬಾಯಿ ತೆರೆದಾಗೆಲ್ಲ ಬೆಚ್ಚುತ್ತಿದ್ದೆ. ಹಳೆಯದು ಬರುತ್ತದೇನೋ ಎಂದು.

ಯುಗಾದಿಯ ಮುನ್ನಾದಿನ ಅತ್ತೆ ಬಂದಿಳಿದರು. ಮೊಮ್ಮಗಳು ಬಾಗಿಲಲ್ಲೇ ಆಯಿ ಎಂದು ಕೂಗಿದಳು. ಅತ್ತೆ ಕೈಚೀಲ ಬಿಟ್ಟು ಅಲ್ಲೇ ಕೂತುಬಿಟ್ಟರು. ಕೂಸನ್ನು ಒಯ್ಯುವ ಮಾತು ಮತ್ತೆ ಬರಲಿಲ್ಲ, ಎಂದೂ ಬರಲಿಲ್ಲ. ಹಬ್ಬದ ದಿನ ಬೇವು ಬೆಲ್ಲ ಹಂಚುವ ಹೊತ್ತಿಗೆ ಆಪಾ ಕೂಸಿಗೆ ಹಸಿರು ಬಳೆ ತೊಡಿಸಲು ಬಂದಿದ್ದರು, ಪಡಸಾಲೆಯ ಅಂಚಿನಲ್ಲಿ ಕೂತು ಬೆರಳೊತ್ತಿ ಒಂದೊಂದೇ ಬಳೆ ಏರಿಸುತ್ತಿದ್ದರು. ಅತ್ತೆ ಖುಷಿಯಲ್ಲಿ ಕೇಳಿದರು, ಕೂಸು ಮೊಟ್ಟಮೊದಲು ಏನಂತು ಎಂದು.

ನಮ್ಮವರು ಪಂಚಾಂಗದಿಂದ ತಲೆ ಎತ್ತಲಿಲ್ಲ. ಅವ್ವ ಅಂದಳು ಎನ್ನಲು ನಾನು ಬಾಯಿ ತೆರೆದೆ. ಆಪಾ ಅಲ್ಲೇ ಇದ್ದರು, ಅವರ ಮುಂದೆ ಸುಳ್ಳು ಹೊರಡಲಿಲ್ಲ. ದೊಡ್ಡವಳಿಗೆ ಎಲ್ಲ ಗೊತ್ತಿತ್ತು. ನಾ ಹ್ಯಾಳ್ತೀನಿ ಎಂದು ಎದ್ದೇಬಿಟ್ಟಳು.

ಆಪಾ ಬಳೆಯಿಂದ ಕಣ್ಣೆತ್ತದೆ ಹೇಳಿದರು:

"ಶಿವಾ ಅಂತ ಅಂದಿತ್ರೀ ಯವ್ವಾ. ನನ್ನ ತೊಡಿ ಮ್ಯಾಲ ಕುಂತಿತ್ತು. ನನ್ನ ಕಿವಿಲೆ ಕೇಳೀನಿ."

ಅತ್ತೆ ಎರಡೂ ಕೈ ಎತ್ತಿ ಮುಗಿದರು. ಕಣ್ಣು ಒರೆಸಿಕೊಂಡರು. ಬೇವು ಬೆಲ್ಲದ ಮೊದಲ ಹಿಡಿಯನ್ನು ಆಪಾರ ಅಂಗೈಗೆ ಹಾಕಿ, ಎರಡನೆಯದನ್ನು ನನಗೆ ಕೊಟ್ಟು, ನನ್ನ ತಲೆಯ ಮೇಲೆ ಕೈಯಿಟ್ಟು ಎಂದೂ ಆಡದ ಮಾತು ಆಡಿದರು.

"ನಿನ್ನ ಪೂಜಿ ಫಲ ಕೊಟ್ತು ನೋಡವ್ವಾ."

ಬಗ್ಗಿ ಅತ್ತೆಯ ಕಾಲು ಮುಟ್ಟಿದೆ. ಆಪಾರ ಕಾಲು ಪಕ್ಕದಲ್ಲೇ ಇದ್ದವು, ಅರ್ಧ ಮೊಳದ ದೂರದಲ್ಲಿ. ಅಲ್ಲಿಗೆ ಕೈ ಚಾಚಲು ನನಗೆ ಮುಖವಿರಲಿಲ್ಲ.